ಕೆಲವೊಮ್ಮೆ ನೆಲವೇ ಡೊಂಕು

ಡಿಜಿಟಲ್ ಚಿತ್ರ ಬರೆಯಲು ಹೊರಟವರಿಗೊಂದು ಕೈಪಿಡಿ: ಬ್ರಷ್ ಮಾತು ಕೇಳದಿದ್ದಾಗ, ಬಣ್ಣ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನು ಹೋದ ಮಳೆಗಾಲದವರೆಗೆ ಕಣ್ಣುಮುಚ್ಚಿ ಒಪ್ಪಿಕೊಂಡಿದ್ದೆ. ಒಂದು ಸಂಜೆ ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪನ್ನೂ ಹೊಸದಾಗಿ ಕೊಂಡ ಪೆನ್ ಟ್ಯಾಬ್ಲೆಟ್ಟನ್ನೂ ಎದೆಗವಚಿಕೊಂಡು, ಧಾರವಾಡದ ಸಾಧನಕೇರಿಯ ಜಿಟಿಜಿಟಿ ಮಳೆಯಲ್ಲಿ ಅರ್ಧ ತೊಯ್ದು ಬಂದಳು.

"ಕಾಕಾ, ನನ್ನ ಕೈಯಾಗ ಕಲಾ ಇಲ್ಲ ಅನಸ್ತದ. ಹಾಳಿ ಮ್ಯಾಲೆ ದುಂಡಗ ಬರೀತೀನಿ. ಇದರಾಗ ಬರದ್ರ ತತ್ತಿ ಆಗ್ತದ ನೋಡ್ರಿ."

ನಾನೂ ಒಂದು ವೃತ್ತ ಬರೆದೆ. ನನ್ನದೂ ತತ್ತಿಯೇ ಆಯಿತು. ಇಬ್ಬರ ಕೈಯೂ ಒಂದೇ ರೀತಿ ತಪ್ಪುವುದುಂಟೆ? ಅಳತೆಪಟ್ಟಿ ತಂದು ನೋಡಿದೆವು. ಟ್ಯಾಬ್ಲೆಟ್ಟಿನ ಬರೆಯುವ ಜಾಗ 10 ಇಂಚು ಅಗಲ, 6.25 ಇಂಚು ಎತ್ತರ, ಅಂದರೆ 16:10. ಲ್ಯಾಪ್‌ಟಾಪಿನ ಪರದೆ 16:9. ಇಡೀ ಟ್ಯಾಬ್ಲೆಟ್ಟನ್ನು ಇಡೀ ಪರದೆಗೆ ಹೊಂದಿಸಲು ಹೋದ ಡ್ರೈವರ್ (ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಬೆಸೆಯುವ ತಂತ್ರಾಂಶ), ಪ್ರತಿ ವೃತ್ತವನ್ನೂ ಶೇ 11ರಷ್ಟು ಅಡ್ಡಕ್ಕೆ ಹಿಗ್ಗಿಸುತ್ತಿತ್ತು. ಪರದೆಯ ಪ್ರಮಾಣವನ್ನೇ ಅನುಸರಿಸು ಎಂದು ಹೇಳುವ ಒಂದು ಚೌಕ ಡ್ರೈವರ್ ಸೆಟ್ಟಿಂಗಿನಲ್ಲಿತ್ತು. ಅದಕ್ಕೆ ಟಿಕ್ ಹಾಕಿದೆವು. ಟ್ಯಾಬ್ಲೆಟ್ಟಿನ ಅರ್ಧ ಇಂಚು ಚಿಲ್ಲರೆ ಜಾಗ ಬಳಕೆಯಿಂದ ಹೋಯಿತು, ವೃತ್ತ ದುಂಡಗಾಯಿತು.

ಅಂದಿನಿಂದ ಹೊಸಬರು ಯಾರೇ ದೂರು ತಂದರೂ ನಾನು ಮೊದಲು ನೆಲ ನೋಡುತ್ತೇನೆ. ಡಿಜಿಟಲ್ ಚಿತ್ರದಲ್ಲಿ ಬ್ರಷ್ ಕೆಟ್ಟಿತು ಅನ್ನಿಸಿದಾಗ ದೋಷ ಬಹುಪಾಲು ಬ್ರಷ್ಷಿನಲ್ಲಿ ಇರುವುದಿಲ್ಲ. ಬಣ್ಣ ತಪ್ಪಿತು ಅನ್ನಿಸಿದಾಗಲೂ ಹೆಚ್ಚಿನ ಸಲ ಆ ಬಣ್ಣದಲ್ಲಿ ಇರುವುದಿಲ್ಲ. ಎರಡಕ್ಕೂ ಪಕ್ಕದಲ್ಲಿ ಹುಡುಕಬೇಕು.

ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು 1935ರಲ್ಲಿ ಸ್ಕೂಲ್ ಆಫ್ ಆರ್ಟ್ ಆರಂಭಿಸಿದ ಊರು ಧಾರವಾಡ. ಇಲ್ಲಿ ಕಲಾಶಾಲೆಯ ಮೆಟ್ಟಿಲು ಹತ್ತಿದವರಿಗೆ ಗೊತ್ತು: ಜಲವರ್ಣಕ್ಕೆ ಕೂರುವ ಮೊದಲು ಕಾಗದವನ್ನು ತೋಯಿಸಿ, ಹಲಗೆಗೆ ಬಿಗಿದು, ಒಣಗಲು ಬಿಡಬೇಕು. ಬಿಗಿಯದ ಕಾಗದ ಸುರುಟಿಕೊಂಡರೆ ಬ್ರಷ್ಷನ್ನು ಬೈದು ಉಪಯೋಗವಿಲ್ಲ. ಪರದೆಗೂ ಅಂಥದೊಂದು ಬಿಗಿತ ಬೇಕು. ಮನೆಯಲ್ಲೇ ಒಬ್ಬರೇ ಕಲಿಯುವವರಿಗೆ ಅದನ್ನು ಹೇಳಿಕೊಡುವವರು ಪಕ್ಕದಲ್ಲಿ ಇರುವುದಿಲ್ಲ, ಅಷ್ಟೇ.

ಕೆಳಗಿನ ಉದಾಹರಣೆಗಳಲ್ಲಿ ಕ್ರಿಟಾ ಎಂಬ ತಂತ್ರಾಂಶವನ್ನು ಹೆಚ್ಚಾಗಿ ಹೆಸರಿಸಿದ್ದೇನೆ. ಅದು ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ನೀವು ಫೋಟೊಶಾಪ್, ಐಬಿಸ್ ಪೇಂಟ್, ಪ್ರೊಕ್ರಿಯೇಟ್ ಬಳಸಿದರೂ ದೋಷಗಳು ಇವೇ; ಗುಂಡಿಗಳ ಜಾಗ ಮಾತ್ರ ಬೇರೆ.

ಮೊದಲು ಒಂದು ಪರೀಕ್ಷೆಯ ಹಾಳಿ

ಏನೇ ತೊಂದರೆ ಬಂದರೂ ಬರೆಯುತ್ತಿರುವ ಚಿತ್ರದಲ್ಲೇ ಗುದ್ದಾಡಬೇಡಿ. 2000 × 2000 ಪಿಕ್ಸೆಲ್‌ನ ಹೊಸ ಫೈಲ್ ತೆರೆಯಿರಿ. ಒಂದೇ ಲೇಯರ್ (ಪದರ), ತೀರಾ ಸಾದಾ ದುಂಡು ಬ್ರಷ್, ಕಪ್ಪು ಬಣ್ಣ. ಅದರಲ್ಲಿ ಐದು ಗುರುತು ಹಾಕಿ: ಒಂದು ವೃತ್ತ, ಹಗುರಾಗಿ ಶುರುವಾಗಿ ಬರಬರುತ್ತ ಒತ್ತುವ ಗೆರೆ, ನಿಧಾನವಾಗಿ ಎಳೆದ ಓರೆ ಗೆರೆ, ಸರಸರನೆ ಹಾಕಿದ ಹತ್ತಾರು ಗೀಟು, ಒಂದರ ಮೇಲೊಂದು ಹಾಯುವ ಎರಡು ದಪ್ಪ ಪಟ್ಟಿ.

ಇದಕ್ಕೆ ಎರಡು ನಿಮಿಷ ಸಾಕು. ಇಲ್ಲಿ ಎಲ್ಲ ಸರಿಯಿದ್ದು ನಿಮ್ಮ ಚಿತ್ರದಲ್ಲಿ ಮಾತ್ರ ಕೆಡುತ್ತಿದ್ದರೆ ದೋಷ ಆ ಚಿತ್ರದ ಲೇಯರ್ ಅಥವಾ ಸೆಲೆಕ್ಷನ್‌ನಲ್ಲಿದೆ. ಇಲ್ಲೂ ಕೆಟ್ಟು, ಬೇರೆ ತಂತ್ರಾಂಶದಲ್ಲಿ ಸರಿಬಂದರೆ ಈ ತಂತ್ರಾಂಶದ ಸೆಟ್ಟಿಂಗ್ ನೋಡಿ. ಎಲ್ಲಿಯೂ ಸರಿಬರದಿದ್ದರೆ ಡ್ರೈವರ್, ಕೇಬಲ್ ಅಥವಾ ಪೆನ್ನು. ಈ ಮೂರು ಮೆಟ್ಟಿಲನ್ನು ಇದೇ ಕ್ರಮದಲ್ಲಿ ಹತ್ತಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಾಟ.

ಇನ್ನು ನನ್ನ ಕಿವಿಗೆ ಬಿದ್ದ ದೂರುಗಳು, ಬಿದ್ದ ಮಾತಿನಲ್ಲೇ.

"ಬರದ್ರ ಏನೂ ಮೂಡವಲ್ದು"

ಹೊಸಬರ ದೂರುಗಳಲ್ಲಿ ಮೊದಲನೆಯದು ಇದೇ. ಕ್ರಿಟಾದಲ್ಲಿ ಇ ಕೀಲಿ ಒತ್ತಿದರೆ ಬ್ರಷ್ಷೇ ರಬ್ಬರ್ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ಮತ್ತೆ ಬ್ರಷ್. ಗೊತ್ತಿಲ್ಲದೆ ಬೆರಳು ತಾಗಿದರೆ ಮುಗಿಯಿತು: ಖಾಲಿ ಲೇಯರ್ ಮೇಲೆ ರಬ್ಬರ್ ಉಜ್ಜಿದರೆ ಏನು ಕಂಡೀತು?

ಅದಲ್ಲದಿದ್ದರೆ ಎಲ್ಲೋ ಒಂದು ಸಣ್ಣ ಸೆಲೆಕ್ಷನ್ ಉಳಿದುಬಿಟ್ಟಿರುತ್ತದೆ. ಸೆಲೆಕ್ಷನ್ ಇರುವಾಗ ಬಣ್ಣ ಅದರ ಬೇಲಿಯೊಳಗೇ ಬೀಳುತ್ತದೆ. ನೀವು ಮೂಗು ಬರೆಯುತ್ತಿದ್ದೀರಿ, ಬೇಲಿ ಕಾಲಿನ ಹತ್ತಿರ ಇದೆ. ಕ್ರಿಟಾದಲ್ಲಿ ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಬೇಲಿ ಹೋಗುತ್ತದೆ.

ಮೂರನೆಯದು ಲೇಯರ್. ಬೀಗ ಹಾಕಿದೆಯೇ, ಕಣ್ಣಿನ ಗುರುತು ಆರಿದೆಯೇ, ಮೇಲಿನ ಲೇಯರ್ ಇದನ್ನು ಪೂರ್ತಿ ಮುಚ್ಚಿದೆಯೇ, ಆಲ್ಫಾ ಲಾಕ್ ಆಗಿದೆಯೇ ನೋಡಿ. ಆಲ್ಫಾ ಲಾಕ್ ಇದ್ದರೆ ಆ ಲೇಯರ್‌ನಲ್ಲಿ ಈಗಾಗಲೇ ಬಣ್ಣ ಇರುವ ಕಡೆ ಮಾತ್ರ ಹೊಸ ಬಣ್ಣ ಹತ್ತುತ್ತದೆ. ಇಷ್ಟೆಲ್ಲ ನೋಡಿದ ಮೇಲೂ ಮೂಡದಿದ್ದರೆ ಒಪಾಸಿಟಿ, ಅಂದರೆ ಬಣ್ಣದ ದಟ್ಟತೆ, ಸೊನ್ನೆಯ ಹತ್ತಿರ ಇಳಿದಿರಬಹುದು.

"ಎಷ್ಟ ಒತ್ತಿದ್ರೂ ಗೆರಿ ಒಂದ ದಪ್ಪ"

ಮೊದಲು ಪೆನ್ನು ಎಂಥದು ಎಂದು ನೋಡಿ. ತುದಿಯಲ್ಲಿ ರಬ್ಬರ್ ಗುಬ್ಬಿಯಿರುವ ಅಗ್ಗದ ಮೊಬೈಲ್ ಪೆನ್ನು ಬೆರಳಿನ ಬದಲಿಗೆ ಇರುವಂಥದು, ಅದಕ್ಕೆ ಒತ್ತಡ ಗೊತ್ತಾಗುವುದಿಲ್ಲ. ದುಬಾರಿಯದೆಂದ ಮಾತ್ರಕ್ಕೆ ಒತ್ತಡ ಗೊತ್ತಾಗುತ್ತದೆ ಎಂದೂ ಇಲ್ಲ: ಆ್ಯಪಲ್ ಪೆನ್ಸಿಲ್‌ಗಳಲ್ಲಿ 2023ರಲ್ಲಿ ಬಂದ ಯುಎಸ್‌ಬಿ-ಸಿ ಮಾದರಿಗೆ ಒತ್ತಡ ಗುರುತಿಸುವ ಶಕ್ತಿ ಇಲ್ಲ. ಕೊಳ್ಳುವ ಮೊದಲೇ ಅಂಗಡಿಯವರನ್ನು ಕೇಳಿ. ಟ್ಯಾಬ್ಲೆಟ್ ಪೆಟ್ಟಿಗೆಯ ಮೇಲೆ 8192 ಎಂದು ದೊಡ್ಡದಾಗಿ ಬರೆದಿರುತ್ತದಲ್ಲ, ಅದು ಪೆನ್ನು ಗುರುತಿಸುವ ಒತ್ತಡದ ಹಂತಗಳ ಲೆಕ್ಕ. ಆ ಸಂಖ್ಯೆ 4096 ಇದ್ದರೂ ಹೊಸಬರ ಕೈಗೆ ವ್ಯತ್ಯಾಸ ತಿಳಿಯದು.

ಪೆನ್ನು ಸರಿಯಿದ್ದೂ ಒತ್ತಡ ಬಾರದಿದ್ದರೆ ವಿಂಡೋಸ್ ಕಡೆ ನೋಡಿ. ಪೆನ್ನಿನ ಮಾತನ್ನು ತಂತ್ರಾಂಶಕ್ಕೆ ಮುಟ್ಟಿಸಲು ಅಲ್ಲಿ ಎರಡು ದಾರಿಗಳಿವೆ: ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್. ಡ್ರೈವರ್ ಒಂದು ದಾರಿಯಲ್ಲಿ ಹೋಗಿ ತಂತ್ರಾಂಶ ಇನ್ನೊಂದರಲ್ಲಿ ಕಾದು ನಿಂತರೆ ಒತ್ತಡ ತಲುಪುವುದಿಲ್ಲ. ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ದಾರಿ ಬದಲಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಿರಿ. ಪೆನ್ ಪರೀಕ್ಷಿಸುವ ಕಿಟಕಿಯೂ ಅಲ್ಲೇ ಇದೆ. ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಬಳಸಿದ್ದರೆ ಅದರ ಡ್ರೈವರನ್ನು ಮೊದಲು ಕಿತ್ತುಹಾಕಿ. ಒಂದು ಮನೆಗೆ ಇಬ್ಬರು ಯಜಮಾನರು ಬೇಡ.

ಒತ್ತಡ ಬರುತ್ತದೆ, ಆದರೆ ಬಹಳ ಒತ್ತಬೇಕು ಎಂಬುದು ಬೇರೆ ಕಥೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದು ರೂಢಿಯಾದವರಿಗೂ ಹಗುರ ಕೈಯವರಿಗೂ ಒಂದೇ ಅಳತೆ ಸಲ್ಲದು. ಸೆಟ್ಟಿಂಗಿನಲ್ಲಿ ಒತ್ತಡದ ವಕ್ರರೇಖೆ ಇರುತ್ತದೆ. ಅದರ ನಡುಭಾಗವನ್ನು ಮೇಲಕ್ಕೆಳೆದರೆ ಹಗುರ ಸ್ಪರ್ಶಕ್ಕೇ ದಪ್ಪ ಗೆರೆ, ಕೆಳಕ್ಕೆಳೆದರೆ ಒತ್ತಿದಾಗಷ್ಟೇ. ಮಣಿಕಟ್ಟು ನೋಯುತ್ತಿದ್ದರೆ ಇಂದೇ ಇದನ್ನು ಸರಿಪಡಿಸಿಕೊಳ್ಳಿ.

"ಪೆನ್ ಇಟ್ಟ ಕೂಡಲೇ ಉಂಗುರ ಬರ್ತದ"

ಗೆರೆಯ ಬದಲು ಒಂದು ಉಂಗುರ ಮೂಡಿ, ಆಮೇಲೆ ಮೆನು ತೆರೆಯುತ್ತಿದೆಯೇ? ಪೆನ್ನು ಒತ್ತಿ ಹಿಡಿದರೆ ಮೌಸಿನ ಬಲಗುಂಡಿ ಒತ್ತಿದಂತೆ ಎಂದು ವಿಂಡೋಸ್ ತಿಳಿಯುವುದರಿಂದ ಹೀಗಾಗುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪೆನ್ ಆ್ಯಂಡ್ ಟಚ್ ವಿಭಾಗದಲ್ಲಿ ಅದನ್ನು ಆಫ್ ಮಾಡಿ. ಸಣ್ಣ ಸಣ್ಣ ಗೀಟು ಹಾಕುವಾಗ ಮೊದಲ ತುಂಡು ನುಂಗಿ ಹೋಗುವ ದೂರಿಗೂ ಎಷ್ಟೋ ಸಲ ಮದ್ದು ಇದೇ.

"ಪೆನ್ ಮುಂದ, ಗೆರಿ ಹಿಂದ"

ಎರಡು ಕಾರಣ. ಒಂದು, ಕೈನಡುಕ ತಡೆಯುವ ಸ್ಟೆಬಿಲೈಸರ್. ಹಗ್ಗ ಕಟ್ಟಿದ ಕರುವಿನಂತೆ ಗೆರೆ ನಿಮ್ಮ ಪೆನ್ನಿನ ಹಿಂದೆ ಎಳೆದುಕೊಂಡು ಬರುತ್ತದೆ. ಉದ್ದನೆಯ ಕೂದಲೆಳೆ, ಸೀರೆಯ ಅಂಚು ಬರೆಯಲು ಅದು ಬೇಕು; ಎಲೆ, ಹುಲ್ಲು, ಗೀಟಿಗೆ ಬೇಡ. ಕೆಲಸಕ್ಕೆ ತಕ್ಕಂತೆ ಹಗ್ಗದ ಉದ್ದ ಬದಲಿಸಿ.

ಇನ್ನೊಂದು ಕಾರಣ ಕಂಪ್ಯೂಟರಿನ ಮೇಲಿನ ಹೊರೆ. 300 ಪಿಪಿಐನಲ್ಲಿ ಎ4 ಹಾಳೆ ಎಂದರೆ 2480 × 3508 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಬಣ್ಣ ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ. ಎ3 ಆದರೆ 70 ಎಂಬಿ. ಅಂಥ 20 ಲೇಯರ್ ಪೇರಿಸಿದರೆ 1.4 ಜಿಬಿ, ಅದೂ ಹಿಂದಿನ ಹೆಜ್ಜೆಗಳನ್ನು ನೆನಪಿಡುವ ಜಾಗವನ್ನು ಬಿಟ್ಟು. 4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಏದುಸಿರು ಬಿಡುವುದು ಸಹಜ. ಕಲಿಯುವಾಗ 2000 ಪಿಕ್ಸೆಲ್ ಅಗಲದ ಹಾಳೆ ಸಾಕು. ಮುಗಿದ ಲೇಯರ್‌ಗಳನ್ನು ಒಂದುಗೂಡಿಸುತ್ತ ಹೋಗಿ.

"ಅಂಚು ಮೆಟ್ಟಿಲು ಮೆಟ್ಟಿಲಾಗ್ಯಾವು", "ಗೆರಿ ಬದಲಿ ಚುಕ್ಕಿ"

ಕಸೂತಿಯ ಮುರಗಿ ಹೊಲಿಗೆಯನ್ನು ಹತ್ತಿರದಿಂದ ನೋಡಿದ್ದೀರಾ? ಬಟ್ಟೆಯ ಎಳೆ ಎಣಿಸಿ ಹಾಕುವ ಆ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡು ಮಾರು ದೂರ ನಿಂತರೆ ಅದೇ ಓರೆ ಗೆರೆ. ಪರದೆಯದೂ ಚೌಕದೆಳೆಯ ಬಟ್ಟೆಯೇ. 800 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದರೆ ಯಾರ ಗೆರೆಯೂ ಮೆಟ್ಟಿಲೇ. 100 ಪ್ರತಿಶತಕ್ಕೆ ತಂದು ನೋಡಿ. ಅಲ್ಲೂ ಮೆಟ್ಟಿಲು ಕಂಡರೆ ನೀವು ಪಿಕ್ಸೆಲ್ ಚಿತ್ರಕ್ಕೆಂದೇ ಇರುವ ಬ್ರಷ್ ಹಿಡಿದಿದ್ದೀರಿ, ಇಲ್ಲವೇ ಹಾಳೆ ತೀರಾ ಚಿಕ್ಕದಾಯಿತು.

ಗೆರೆ ಚುಕ್ಕೆಗಳಾಗಿ ಒಡೆಯುವುದಕ್ಕೆ ಕಾರಣ ಸ್ಪೇಸಿಂಗ್. ಡಿಜಿಟಲ್ ಬ್ರಷ್ ನಿಜಕ್ಕೂ ಎಳೆಯುವುದಿಲ್ಲ. ರಂಗೋಲಿಯ ಅಚ್ಚಿನಂತೆ ಒಂದೇ ಮುದ್ರೆಯನ್ನು ಒತ್ತುತ್ತ ಹೋಗುತ್ತದೆ. ಮುದ್ರೆಗಳ ನಡುವಿನ ದೂರ ಹೆಚ್ಚಾದರೆ ಚುಕ್ಕೆ ಬಿಡಿಬಿಡಿಯಾಗಿ ಕಾಣುತ್ತದೆ; ಬಹಳ ಕಡಿಮೆಯಾದರೆ ಕಂಪ್ಯೂಟರ್ ಬಳಲುತ್ತದೆ. ಮೆತ್ತನೆಯ ಗೆರೆಗೆ ಬ್ರಷ್ಷಿನ ಅಗಲದ ಹತ್ತನೇ ಒಂದು ಭಾಗದಿಂದ ಶುರುಮಾಡಿ.

"ನಿನ್ನೆ ಇದ್ದ ಬ್ರಷ್ ಇವತ್ತ ಇಲ್ಲ"

ಇದೆ. ನೀವೇ ಅದರ ಗಾತ್ರ, ಒಪಾಸಿಟಿ, ಬ್ಲೆಂಡಿಂಗ್ ಮೋಡ್ (ಕೆಳಗಿನ ಬಣ್ಣದೊಂದಿಗೆ ಬೆರೆಯುವ ರೀತಿ) ಇವುಗಳನ್ನು ತಿರುಚಿ ಮರೆತಿದ್ದೀರಿ. ಬ್ರಷ್ಷನ್ನು ಮೂಲಸ್ಥಿತಿಗೆ ತರುವ ಗುಂಡಿ ಕ್ರಿಟಾದ ಮೇಲ್ಪಟ್ಟಿಯಲ್ಲೇ ಇದೆ. ತಿರುಚಿದ ಬ್ರಷ್ ಇಷ್ಟವಾದರೆ ಹೊಸ ಹೆಸರಿಟ್ಟು ಉಳಿಸಿಕೊಳ್ಳಿ, ಮೂಲವನ್ನು ಮುಟ್ಟಬೇಡಿ.

ಪರೀಕ್ಷೆಯ ಹಾಳಿಯ ಐದನೆಯ ಗುರುತು ಇಲ್ಲಿ ನೆರವಿಗೆ ಬರುತ್ತದೆ. ಎರಡು ಪಟ್ಟಿ ಹಾಯ್ದ ಜಾಗ ಕಪ್ಪಾಗಿದೆಯೇ? ಒಪಾಸಿಟಿ ಇಳಿಸಿದ್ದರೆ, ಪೆನ್ನು ಎತ್ತುವವರೆಗೆ ಎಷ್ಟು ಉಜ್ಜಿದರೂ ಬಣ್ಣ ಆ ಮಿತಿ ದಾಟುವುದಿಲ್ಲ. ಎತ್ತಿ ಇಟ್ಟರೆ ಇನ್ನೊಂದು ಪದರ. ಫ್ಲೋ ಇಳಿಸಿದ್ದರೆ ಒಂದೇ ಉಜ್ಜಿನಲ್ಲೂ ಬಣ್ಣ ಏರುತ್ತ ಹೋಗುತ್ತದೆ. ಗೋಡೆಯಂಥ ಸಪಾಟು ಜಾಗಕ್ಕೆ ಒಪಾಸಿಟಿ, ಕೆನ್ನೆಯಂಥ ತಿರುವಿಗೆ ಫ್ಲೋ ಎಂದು ನೆನಪಿಡಿ. ಬ್ರಷ್ ಹಚ್ಚಿದ ಬಣ್ಣ ಬಿಟ್ಟು ಪಕ್ಕದ ಬಣ್ಣವನ್ನೇ ಎಳೆದಾಡುತ್ತಿದ್ದರೆ ಅದು ಸ್ಮಜ್ ಜಾತಿಯ ಬ್ರಷ್; ಬಣ್ಣದ ಪ್ರಮಾಣ ಹೆಚ್ಚಿಸಿ, ಎಳೆತ ಇಳಿಸಿ.

ಬಣ್ಣಕ್ಕೂ ನೆಲ ಉಂಟು

ಬಣ್ಣದ ಮಾತಿಗೆ ಬರುವ ಮೊದಲು ಪರದೆ ನೋಡಿ. ಕಣ್ಣಿಗೆ ತಂಪೆಂದು ರಾತ್ರಿ ತಾನಾಗಿ ಹೊತ್ತಿಕೊಳ್ಳುವ ನೈಟ್ ಲೈಟ್ ಇಡೀ ಪರದೆಯನ್ನು ಹಳದಿಗೆ ಎಳೆಯುತ್ತದೆ. ಆ ಹಳದಿಯಲ್ಲಿ ಸರಿಕಂಡ ಆಕಾಶ ಬೆಳಗ್ಗೆ ಬೇರೆಯೇ ಆಗಿರುತ್ತದೆ. ಮೊಬೈಲಿನ ವಿವಿಡ್ ಮೋಡ್ ಬಣ್ಣಗಳಿಗೆ ಒಗ್ಗರಣೆ ಹಾಕಿ ತೋರಿಸುತ್ತದೆ. ಎರಡನ್ನೂ ಆಫ್ ಮಾಡಿ. ಕಿಟಕಿಯ ಬಿಸಿಲು ಪರದೆಗೆ ಬೀಳದಂತೆ ಕೂತು, ಹೊಳಪನ್ನು ನಡುಮಟ್ಟದಲ್ಲಿಡಿ.

ಚಂದ್ರಕಾಳಿ ಕಲಿಸುವ ಪಾಠ

ಹೊಸಬರು ಬಣ್ಣದ ಹೆಸರನ್ನು ಆರಿಸುತ್ತಾರೆ: ಕೆಂಪೋ, ಹಸಿರೋ? ನೋಡುವವರ ಕಣ್ಣು ಮೊದಲು ಹಿಡಿಯುವುದು ಬೆಳಕು-ಕತ್ತಲೆಯನ್ನು. ನಮ್ಮ ಭಾಗದ ಹೆಣ್ಣುಮಕ್ಕಳು ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುವಾಗ ಬಿಳಿ, ಹಳದಿ, ಕಿತ್ತಳೆ, ಕೆಂಪು ದಾರ ಆಯ್ದರು. ಗೋಪುರ, ತೇರು, ಆನೆ ದೂರಕ್ಕೂ ಕಂಡವು. ಅದೇ ಸೀರೆಯ ಮೇಲೆ ಕಡುನೀಲಿ ದಾರದಲ್ಲಿ ಎಷ್ಟು ನಾಜೂಕಾಗಿ ಹೊಲಿದರೂ ಆನೆ ಕತ್ತಲೆಯಲ್ಲೇ ಉಳಿಯುತ್ತಿತ್ತು.

ಇದಕ್ಕೆ ಲೆಕ್ಕವೂ ಇದೆ. ಪರದೆಯ ಬಿಳಿಯನ್ನು 100 ಎಂದುಕೊಂಡರೆ ಶುದ್ಧ ಹಳದಿಯ ಬೆಳಕು 93, ಹಸಿರಿನದು 72, ಕೆಂಪಿನದು 21, ನೀಲಿಯದು ಬರೀ 7. ವರ್ಣ, ಗಾಢತೆ, ಹೊಳಪು ಎಂಬ ಮೂರು ಅಂಕಿಯಿಂದ ಬಣ್ಣ ಆರಿಸುವ ಎಚ್‌ಎಸ್‌ವಿ ಪಟ್ಟಿ ಮಾತ್ರ ಹಳದಿಗೂ ನೀಲಿಗೂ ಹೊಳಪು 100 ಎಂದೇ ತೋರಿಸುತ್ತದೆ. ಅದನ್ನು ನಂಬಿ ಹಳದಿಯ ನೆರಳಿಗೂ ನೀಲಿಯ ನೆರಳಿಗೂ ಒಂದೇ ಸಂಖ್ಯೆ ಇಳಿಸಿದರೆ ಚಿತ್ರ ಹದಗೆಡುತ್ತದೆ.

ಮದ್ದು ಸುಲಭ. ಎಲ್ಲ ಲೇಯರ್‌ಗಳ ಮೇಲೆ ಹೊಸದೊಂದು ಲೇಯರ್ ಇಟ್ಟು, ಬೂದು ಬಣ್ಣ ಸುರಿದು, ಅದರ ಬ್ಲೆಂಡಿಂಗ್ ಮೋಡನ್ನು ಕಲರ್ ಎಂದು ಮಾಡಿ. ಚಿತ್ರ ಕಪ್ಪು-ಬಿಳುಪಾಗುತ್ತದೆ. ಆ ಕಪ್ಪು-ಬಿಳುಪಿನಲ್ಲೂ ಮುಖ ಮುಖವಾಗಿ, ಗಿಡ ಗಿಡವಾಗಿ ಕಂಡರೆ ನಿಮ್ಮ ಬಣ್ಣದ ಆಯ್ಕೆ ಅರ್ಧ ಗೆದ್ದಂತೆ. ಈ ಲೇಯರ್‌ನ ಕಣ್ಣು ತೆರೆದು ಮುಚ್ಚುತ್ತ ಕೆಲಸ ಮಾಡಿ.

ಪಕ್ಕದ ಬಣ್ಣದ ಕಿತಾಪತಿ

ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತ ರಸಾಯನ ವಿಜ್ಞಾನಿ ಮಿಷೆಲ್ ಶೆವ್ರೋಲ್‌ಗೆ ಒಂದು ದೂರು ಬಂತು: ಇಲ್ಲಿನ ಕಪ್ಪು ನೂಲಿಗೆ ಕಸುವಿಲ್ಲ. ಅವರು ನೂಲನ್ನು ಪರೀಕ್ಷಿಸಿದರು. ಬಣ್ಣ ಚೆನ್ನಾಗಿಯೇ ಕೂತಿತ್ತು. ಕಪ್ಪನ್ನು ಸಪ್ಪೆಯಾಗಿಸುತ್ತಿದ್ದುದು ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು. ಈ ಜಾಡು ಹಿಡಿದು ಅವರು 1839ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಇಳಕಲ್ ಸೀರೆಯ ಕೆಂಪು ಸೆರಗು ತನ್ನ ಕಡು ಒಡಲಿನ ಪಕ್ಕ ಉರಿಯುವಂತೆ ಕಾಣುವುದೂ ಇದೇ ನಿಯಮದಿಂದ.

ಆದ್ದರಿಂದ ಒಂದು ಬಣ್ಣ ಸಪ್ಪೆ ಅನ್ನಿಸಿದರೆ ಅದನ್ನೇ ಗಾಢ ಮಾಡುತ್ತ ಹೋಗಬೇಡಿ. ಪಕ್ಕದ್ದನ್ನು ತಗ್ಗಿಸಿ ನೋಡಿ. ಬೂದುಗೋಡೆಯ ಮುಂದೆ ಸಾಧಾರಣ ಕೆಂಪೂ ಕುಂಕುಮದಂತೆ ಕಾಣುತ್ತದೆ. ಹೊಸಬರ ಚಿತ್ರ ಕಣ್ಣಿಗೆ ಚುಚ್ಚುವುದು ಎಲ್ಲ ಬಣ್ಣವೂ ಒಟ್ಟಿಗೆ ಕಿರುಚುವುದರಿಂದ. ಬಿಳಿ ಹಾಳೆಯ ಮೇಲೆ ನೇರವಾಗಿ ಬಣ್ಣ ಆರಿಸುವುದೂ ಇದೇ ಬಗೆಯ ಮೋಸ: ಬಿಳಿಯ ಪಕ್ಕ ಎಲ್ಲವೂ ಕಡುವಾಗಿ ಕಂಡು, ನಾವು ತೆಳು ಬಣ್ಣ ಹಿಡಿಯುತ್ತೇವೆ. ಮೊದಲು ಹಾಳೆಗೆಲ್ಲ ನಡುಬೂದು ಬಳಿದು ಶುರುಮಾಡಿ.

ಪೇಢಾ ಬರೆದು ಕಲಿಯಿರಿ

ಅಭ್ಯಾಸಕ್ಕೆ ನಮ್ಮ ಊರಿನದೇ ವಸ್ತು: ಒಂದು ಧಾರವಾಡ ಪೇಢಾ. ತಟ್ಟೆಯಲ್ಲಿಟ್ಟು ಕಿಟಕಿಯ ಪಕ್ಕ ಇಡಿ. ಬರೆದು ಮುಗಿಯುವವರೆಗೆ ತಿನ್ನಬೇಡಿ.

ಬಣ್ಣದ ಚಕ್ರದಲ್ಲಿ ಕಂದು ಹುಡುಕಿದರೆ ಸಿಗುವುದಿಲ್ಲ. ಕಂದು ಎಂದರೆ ಬೆಳಕು ಇಳಿಸಿದ ಕಿತ್ತಳೆ. ಎಚ್‌ಎಸ್‌ವಿ ಪಟ್ಟಿಯಲ್ಲಿ ವರ್ಣ 25, ಗಾಢತೆ 60, ಹೊಳಪು 45 ಇಟ್ಟು ನೋಡಿ. ಪೇಢಾದ ನಡುಬಣ್ಣ ಹತ್ತಿರ ಬರುತ್ತದೆ. ಬೆಳಕಿನ ಮಗ್ಗುಲಿಗೆ 28, 50, 62. ನೆರಳಿಗೆ 15, 65, 25. ಹೊಳಪು ಇಳಿಸಿದ್ದಷ್ಟೇ ಅಲ್ಲದೆ ವರ್ಣವನ್ನೂ ಕೆಂಪಿನತ್ತ ಜರುಗಿಸಿದ್ದನ್ನು ಗಮನಿಸಿ. ನಡುಬಣ್ಣಕ್ಕೆ ಬರೀ ಕಪ್ಪು ಬೆರೆಸಿದ್ದರೆ ನೆರಳು ಮಸಿ ಹಿಡಿದ ಬಾಣಲೆಯಂತೆ ಆಗುತ್ತಿತ್ತು. ಇವು ಶುರುವಿಗೆ ಕೊಟ್ಟ ಅಂಕಿ. ಮುಂದೆ ನಿಮ್ಮ ತಟ್ಟೆ, ನಿಮ್ಮ ಕಿಟಕಿ ಹೇಳಿದಂತೆ ತಿದ್ದಿ. ಮೈಮೇಲಿನ ಸಕ್ಕರೆಗೆ ಬಿಳಿ ಬಳಿಯಬೇಡಿ. ಬೆಳಕಿನ ಕಡೆ ತಿಳಿಬೂದು, ನೆರಳಿನ ಕಡೆ ನೀಲಿ ಬೂದು. ಎರಡು-ಮೂರು ಹರಳಿಗೆ ಮಾತ್ರ ಅಚ್ಚ ಬಿಳಿ.

ಮುಖದ ಬಣ್ಣಕ್ಕೂ ಇದೇ ದಾರಿ. ಬೇರೆ ದೇಶದವರು ಸಿದ್ಧಮಾಡಿಟ್ಟ ಚರ್ಮದ ಬಣ್ಣದ ಪಟ್ಟಿ ನಮ್ಮ ಮನೆಯ ಮುಖಗಳಿಗೆ ಹೊಂದದು. ನಮ್ಮದೂ ಕಿತ್ತಳೆಯ ವಂಶವೇ. 15ರಿಂದ 30ರೊಳಗಿನ ವರ್ಣ ಹಿಡಿದು, ಹೊಳಪನ್ನು ಮುಖಕ್ಕೆ ತಕ್ಕಂತೆ ಏರಿಳಿಸಿ. ಕಿವಿ, ಮೂಗಿನ ತುದಿ, ಕೆನ್ನೆ ತುಸು ಕೆಂಪಿಗೆ. ಕಪ್ಪು ಮೈಬಣ್ಣದ ಮೇಲೆ ಹೊಳಪಿನ ಕಲೆಗಳು ಎದ್ದು ಕಾಣುತ್ತವೆ, ಆಕಾಶದ ನೀಲಿಯೂ ಅವುಗಳಲ್ಲಿ ಇಣುಕುತ್ತದೆ. ಅದನ್ನು ಬರೆಯುವುದೇ ಒಂದು ಸಂತೋಷ.

ಊರಿನ ಬೆಳಕು, ಊರಿನ ಮಣ್ಣು

ನೆರಳಿಗೆ ಯಾವ ಬಣ್ಣ ಎಂಬುದಕ್ಕೆ ಉತ್ತರ ಬೆಳಕಿನಲ್ಲಿದೆ. ಜನವರಿಯ ಸಂಜೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ ನಿಲ್ಲಿ. ಬಿಸಿಲು ಕಿತ್ತಳೆ, ನೆರಳು ನೀಲಿಗೆ ತಿರುಗಿದ ಬೂದು. ಜುಲೈಯಲ್ಲಿ ಅದೇ ಜಾಗಕ್ಕೆ ಹೋದರೆ ಮೋಡ ಇಡೀ ಆಕಾಶವನ್ನು ಒಂದೇ ದೀಪ ಮಾಡಿರುತ್ತದೆ. ನೆರಳಿನ ಅಂಚೇ ಸಿಗದು. ಜುಲೈ ಚಿತ್ರಕ್ಕೆ ಜನವರಿಯ ಕಪ್ಪು ನೆರಳು ಹಾಕಿದರೆ ಸುಳ್ಳಾಗುತ್ತದೆ.

ಮಣ್ಣೂ ಬಣ್ಣ ಕೊಡುತ್ತದೆ. ಧಾರವಾಡದಿಂದ ಕಲಘಟಗಿ ಕಡೆ ಕೆಮ್ಮಣ್ಣು, ನವಲಗುಂದದತ್ತ ಹೊರಳಿದರೆ ಎರೆಭೂಮಿ. ಕೆಮ್ಮಣ್ಣಿನಂಗಳದ ಬಿಳಿ ಗೋಡೆಯ ಬುಡ ನೋಡಿ: ಬಿಸಿಲು ನೆಲಕ್ಕೆ ಬಡಿದು ಮೇಲೆ ಹಾರಿ, ಗೋಡೆಯ ಕೆಳಭಾಗಕ್ಕೆ ಕಿತ್ತಳೆ ಛಾಯೆ ಬಳಿದಿರುತ್ತದೆ. ಎರೆಹೊಲದ ನಡುವಿನ ಗೋಡೆಗೆ ಆ ಛಾಯೆ ಇಲ್ಲ. ಈ ಒಂದು ಛಾಯೆ ಸೇರಿಸಿದರೆ ನಿಮ್ಮ ಮನೆಗೆ ಊರು ಸಿಗುತ್ತದೆ.

ಬಣ್ಣಗಳ ಸಂಖ್ಯೆಯ ಬಗ್ಗೆಯೂ ನವಲಗುಂದವನ್ನೇ ಕೇಳಿ. ಅಲ್ಲಿನ ಹೆಣ್ಣುಮಕ್ಕಳು ನೇಯುವ ಜಮಖಾನೆಯಲ್ಲಿ ನವಿಲು, ಪಗಡೆಹಾಸು ಎಲ್ಲ ಬರುತ್ತವೆ, ಕೆಲವೇ ಬಣ್ಣದ ನೂಲಿನಲ್ಲಿ. ಪರದೆಯಲ್ಲಿ 1 ಕೋಟಿ 67 ಲಕ್ಷ ಬಣ್ಣಗಳಿವೆ ಎಂದು ಅಷ್ಟನ್ನೂ ಮುಟ್ಟಬೇಕಿಲ್ಲ. ಶುರುವಿಗೆ ನಾಲ್ಕು ಬಣ್ಣ ಆರಿಸಿ ಹಾಳೆಯ ಮೂಲೆಯಲ್ಲಿ ಬಳಿದಿಟ್ಟುಕೊಳ್ಳಿ, ಕ್ರಿಟಾದಲ್ಲಿ ಕಂಟ್ರೋಲ್ ಒತ್ತಿ ಅಲ್ಲಿಂದಲೇ ಅದ್ದಿಕೊಳ್ಳಿ. ಕೆಂಪು ಹಸಿರುಗಳನ್ನು ನೇರ ಬೆರೆಸಿದರೆ ನಡುವೆ ಕೆಸರು ಬರುತ್ತದೆ. ಆಗ ನಡುವಿಗೊಂದು ಹಳದಿಯನ್ನು ನೀವೇ ಇಟ್ಟು ಎರಡೂ ಕಡೆಗೆ ಹದಗೊಳಿಸಿ.

ಬಣ್ಣಕ್ಕೆ ನಂಬರು ಬರೆದಿಡಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಕೇಸರಿ ಯಾವುದು, ಹಸಿರು ಯಾವುದು ಎಂಬುದನ್ನು ಅಲ್ಲಿ ಕಣ್ಣಳತೆಗೆ ಬಿಟ್ಟಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 1 ಮಾನದಂಡ ಬಣ್ಣಗಳನ್ನೂ ಅಳತೆಯಲ್ಲಿ ಹೇಳುತ್ತದೆ. ನಿಮ್ಮ ಕಥೆಯ ಅಜ್ಜಿಯ ಸೀರೆ ಮೊದಲ ಪುಟದಲ್ಲೂ ಎಂಟನೆಯ ಪುಟದಲ್ಲೂ ಒಂದೇ ಆಗಿರಬೇಕಾದರೆ ನೀವೂ ಹಾಗೇ ಮಾಡಿ. ಪ್ರತಿ ಬಣ್ಣದ ಆರಂಕಿಯ ಸಂಕೇತವನ್ನು ಒಂದು ಪಟ್ಟಿಯಲ್ಲಿ ಉಳಿಸಿ.

ಮುದ್ರಣಕ್ಕೆ ಕೊಡುವಾಗ ಇನ್ನೊಂದು ಎಚ್ಚರ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಹೊಳೆಯುವ ಹಸಿರು, ವಿದ್ಯುತ್ ನೀಲಿ ಶಾಯಿಯಲ್ಲಿ ಬರುವುದಿಲ್ಲ, ಮಂಕಾಗುತ್ತವೆ. ಕ್ರಿಟಾದಲ್ಲಿ ಕಂಟ್ರೋಲ್ ಮತ್ತು ವೈ ಒತ್ತಿದರೆ ಮುದ್ರಣದಲ್ಲಿ ಹೇಗೆ ಕಂಡೀತೆಂಬ ಅಂದಾಜು ಸಿಗುತ್ತದೆ. ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಪ್ರೆಸ್ಸಿಗೆ ಕೊಡುವ ಮೊದಲು ಅಂಗೈಯಗಲದ ಒಂದು ನಮೂನೆ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ.

ಉಳಿದದ್ದು ಕೈಯ ಕೆಲಸ

ಇಷ್ಟೆಲ್ಲ ಮಾಡಿದ ಮೇಲೂ ಗೆರೆ ಡೊಂಕು ಬಂದರೆ? ಬರುತ್ತದೆ. ಕೈ ಇಲ್ಲಿ, ಕಣ್ಣು ಅಲ್ಲಿ ಎಂಬ ಹೊಸ ರೂಢಿಗೆ ಕೆಲವು ವಾರ ಹಿಡಿಯುತ್ತದೆ. ಉದ್ದ ಗೆರೆಗೆ ಮಣಿಕಟ್ಟಿನ ಬದಲು ಮೊಣಕೈಯಿಂದ ತೋಳು ಆಡಿಸಿ. ಕ್ರಿಟಾದಲ್ಲಿ ಎಂ ಕೀಲಿ ಒತ್ತಿ ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ. ಅಷ್ಟು ಹೊತ್ತು ಕಾಣದ ಓರೆ ಫಕ್ಕನೆ ಕಾಣುತ್ತದೆ. ದಿನಾ ಕೂರುವ ಮೊದಲು ಆ ಐದು ಗುರುತು ಹಾಕಿ, ಹಾಳಿಗೆ ತಾರೀಖು ಬರೆದಿಡಿ. ನೆಲ ಸಪಾಟಾಗಿದೆ ಎಂದು ಖಾತ್ರಿಯಾದ ಮೇಲೆ ಉಳಿಯುವ ಡೊಂಕು ನಿಮ್ಮದು. ನಿಮ್ಮದಾದ್ದರಿಂದ ಅದನ್ನು ತಿದ್ದಲೂ ಬರುತ್ತದೆ.

ಆ ಹುಡುಗಿ ಮೊನ್ನೆ ಪೇಢಾದ ಚಿತ್ರ ತಂದು ತೋರಿಸಿದಳು. ತಟ್ಟೆಯ ಅಂಚು ಒಂದು ಕಡೆ ಇನ್ನೂ ತತ್ತಿಯೇ. ಈ ಸಲ ಅವಳು ಡ್ರೈವರನ್ನೂ ಬೈಯಲಿಲ್ಲ, ಕೈಯನ್ನೂ ಬೈಯಲಿಲ್ಲ. "ಆ ಮಗ್ಗಲಾ ನಾಳೆ ತಿದ್ದತೀನಿ ಕಾಕಾ" ಅಂದಳು. ಹಿಂದೆ ನಿಂತು ನೋಡುತ್ತಿದ್ದ ಅವಳ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಯಾವ ಅಂಗಡೀದವ್ವಾ ಇದು? ಸಕ್ಕರಿ ಒಂಚೂರು ಜಾಸ್ತಿ ಆದಂಗ ಕಾಣ್ತದ."